ಹಾಜರಿ ಪುಸ್ತಕ ತಿನ್ನುವ ಹುಳು



ಪುಸ್ತಕ ತಿನ್ನುವ ಹುಳು ನಿಮಗೆಲ್ಲ ಗೊತ್ತು. ಕಪಾಟಿನ ಮೂಲೆಯಲ್ಲಿಟ್ಟ ಹಳೆಯ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಹಾಳೆಗಳೆಲ್ಲ ಜರಡಿಯಾಗಿ ಬಿಡುತ್ತವೆ. ಆದರೆ ಹಾಜರಿ ಪುಸ್ತಕವನ್ನು ತಿನ್ನುವ ಹುಳು ಒಂದಿದೆ, ಗೊತ್ತಾ? ಅದು ಕಾಗದವನ್ನು ಮುಟ್ಟುವುದೇ ಇಲ್ಲ. ಮಕ್ಕಳ ಹೊಟ್ಟೆಯೊಳಗೆ ಕೂತು, ಅವರ ಹೆಸರಿನ ಮುಂದೆ ಬೀಳಬೇಕಾದ ಹಾಜರಿಯನ್ನು ತಿಂದುಹಾಕುತ್ತದೆ.

ನಿಮ್ಮ ತರಗತಿಯನ್ನೇ ಒಮ್ಮೆ ನೆನಪು ಮಾಡಿಕೊಳ್ಳಿ. ಹಾಜರಿ ಕರೆಯುವಾಗ ಒಂದೆರಡು ಹೆಸರಿಗೆ ಆಗಾಗ ಉತ್ತರವೇ ಬರುವುದಿಲ್ಲ ಅಲ್ವಾ? ಸೋಮವಾರ ಬಂದವನು ಮಂಗಳವಾರ ಇಲ್ಲ. ಕೇಳಿದರೆ "ಹೊಟ್ಟೆನೋವು", "ತಲೆ ಸುತ್ತು", "ಸುಸ್ತು". ಬಂದ ದಿನವೂ ಮಧ್ಯಾಹ್ನದ ಹೊತ್ತಿಗೆ ಡೆಸ್ಕಿನ ಮೇಲೆ ತಲೆ ಇಟ್ಟುಬಿಡುತ್ತಾನೆ. ಆಟದ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ವರ್ಷದ ಕೊನೆಗೆ ಲೆಕ್ಕದಲ್ಲಿ ಹಿಂದೆ, ಓದಿನಲ್ಲಿ ಹಿಂದೆ. ಆಗ ನಾವು ಅವನಿಗೊಂದು ಹೆಸರು ಇಟ್ಟುಬಿಡುತ್ತೇವೆ. ದಡ್ಡ ಅಂತಲೋ ಸೋಮಾರಿ ಅಂತಲೋ.

ವಿಜ್ಞಾನ ಹೆಸರಿಡುವ ಮೊದಲು ಕಾರಣ ಹುಡುಕುತ್ತದೆ. ಇಂಥ ಮಕ್ಕಳು ಹಿಂದೆ ಬೀಳಲು ಕಾರಣಗಳು ಹಲವು ಇರಬಹುದು. ಅವುಗಳಲ್ಲಿ ಒಂದು ಕಾರಣ ತಲೆಯಲ್ಲಿ ಇರುವುದಿಲ್ಲ, ಕಾಲಡಿಯ ಮಣ್ಣಿನಲ್ಲಿ ಇರುತ್ತದೆ. ಅದರ ಕತೆಯನ್ನು ಈ ಸಲ ನೋಡೋಣ.

ಮೂರು ಹುಳು, ಒಂದೇ ಮಣ್ಣು

ಮಣ್ಣಿನ ಮೂಲಕ ಮನುಷ್ಯರ ಕರುಳನ್ನು ಸೇರುವ ಹುಳುಗಳಲ್ಲಿ ಮೂರು ಮುಖ್ಯ. ಮೊದಲನೆಯದು ದುಂಡುಹುಳು. ಇದನ್ನೇ ಹಳ್ಳಿಗಳಲ್ಲಿ ಜಂತುಹುಳು ಅನ್ನುವುದು. ಬೆಳೆದ ಹೆಣ್ಣು ಹುಳು ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲಿಗಿಂತ ಉದ್ದ, 20ರಿಂದ 35 ಸೆಂಟಿಮೀಟರ್. ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ಎರಡನೆಯದು ಚಾಟಿಹುಳು. ಒಂದು ತುದಿ ಕೂದಲಿನಂತೆ ಸಣ್ಣ, ಇನ್ನೊಂದು ತುದಿ ದಪ್ಪ, ಥೇಟ್ ಚಾಟಿಯ ಹಾಗೆ. ಇದರ ಮನೆ ದೊಡ್ಡ ಕರುಳು. ಮೂರನೆಯದು ಕೊಕ್ಕೆಹುಳು. ನೋಡಲು ಒಂದು ಸೆಂಟಿಮೀಟರಿನ ಸಣ್ಣ ಜೀವಿ. ಆದರೆ ಮೂರರಲ್ಲಿ ರಕ್ತಕ್ಕೆ ಹೆಚ್ಚು ಕುತ್ತು ತರುವುದು ಇದೇ.

ಮೂರಕ್ಕೂ ಸಮಾನವಾದ ಒಂದು ಗುಣವಿದೆ. ಇವು ನಮ್ಮ ಹೊಟ್ಟೆಯೊಳಗೆ ಮರಿ ಮಾಡಿ ಹೆಚ್ಚುವುದಿಲ್ಲ. ಮೊಟ್ಟೆ ಮಲದ ಜೊತೆ ಹೊರಗೆ ಬಂದು, ಮಣ್ಣಿನಲ್ಲಿ ಕೆಲವು ದಿನ ಕಳೆದು, ಆಮೇಲೆ ಮತ್ತೆ ಯಾರದೋ ದೇಹವನ್ನು ಸೇರಬೇಕು. ಅಂದರೆ ನಿಮ್ಮ ಹೊಟ್ಟೆಯಲ್ಲಿ ಹತ್ತು ಹುಳು ಇದ್ದರೆ, ಹತ್ತೂ ಹೊರಗಿನಿಂದಲೇ ಬಂದವು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 150 ಕೋಟಿ ಜನರಿಗೆ ಈ ಹುಳುಗಳ ಸೋಂಕು ಇದೆ. ಆದರೆ ಈ 150 ಕೋಟಿ ಜನ ಎಲ್ಲ ಕಡೆ ಸಮನಾಗಿ ಹಂಚಿಕೊಂಡಿಲ್ಲ. ಶೌಚಾಲಯ ಇಲ್ಲದ ಕಡೆ, ಬರಿಗಾಲಲ್ಲಿ ನಡೆಯುವ ಕಡೆ, ಶುದ್ಧ ನೀರು ದೂರ ಇರುವ ಕಡೆ ಗುಂಪುಗೂಡಿದ್ದಾರೆ. ಹುಳುವಿಗೆ ಬಡವ, ಶ್ರೀಮಂತ ಎಂಬ ಭೇದ ತಿಳಿಯದು. ಅದರ ದಾರಿಯಲ್ಲಿ ಚಪ್ಪಲಿ, ಸೋಪು, ಶೌಚಾಲಯ ಅಡ್ಡ ನಿಂತ ಮನೆಗೆ ಅದು ಹೋಗಲಾರದು, ಅಷ್ಟೆ.

ಕೈಮೇಲೆ ಚೆಲ್ಲಿದ ಹನಿ

ಕೊಕ್ಕೆಹುಳು ದೇಹದೊಳಗೆ ಹೇಗೆ ಬರುತ್ತದೆ? ಬಹಳ ಕಾಲ, ಎಲ್ಲ ಹುಳುಗಳ ಹಾಗೆ ಇದೂ ಬಾಯಿಯ ಮೂಲಕವೇ ಬರುತ್ತದೆ ಎಂದು ತಿಳಿಯಲಾಗಿತ್ತು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಈಜಿಪ್ಟಿನ ಕೈರೋದಲ್ಲಿ ಕೆಲಸ ಮಾಡುತ್ತಿದ್ದ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಪ್ರಯೋಗ ಮಾಡುತ್ತಿರುವಾಗ ಕೊಕ್ಕೆಹುಳುವಿನ ಮರಿಗಳಿದ್ದ ನೀರು ಅವರ ಕೈಮೇಲೆ ಚೆಲ್ಲಿತು. ಚರ್ಮ ಕೆಂಪಾಗಿ ತುರಿಸತೊಡಗಿತು. ಬೇರೆಯವರಾಗಿದ್ದರೆ ಒರೆಸಿಕೊಂಡು ಸುಮ್ಮನಾಗುತ್ತಿದ್ದರೇನೋ. ಲೂಸ್ ಸುಮ್ಮನಾಗಲಿಲ್ಲ. ತಮ್ಮ ಮಲವನ್ನೇ ಪರೀಕ್ಷಿಸುತ್ತಾ ಬಂದರು. ಕೆಲವು ವಾರಗಳ ನಂತರ ಅದರಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಸಿಕ್ಕವು! ಹುಳು ಚರ್ಮವನ್ನು ಕೊರೆದುಕೊಂಡೇ ಒಳಗೆ ಬಂದಿತ್ತು.

ಈಗ ಆ ಪ್ರಯಾಣ ಪೂರ್ತಿ ತಿಳಿದಿದೆ. ಬಯಲಲ್ಲಿ ಬಿದ್ದ ಮಲದೊಳಗಿನ ಮೊಟ್ಟೆ, ನೆರಳು, ತೇವ, ಬೆಚ್ಚನೆಯ ಹವೆ ಸಿಕ್ಕರೆ ಒಂದೆರಡು ದಿನಗಳಲ್ಲಿ ಒಡೆಯುತ್ತದೆ. ಐದರಿಂದ ಹತ್ತು ದಿನಗಳಲ್ಲಿ ಮರಿ ಚರ್ಮ ಕೊರೆಯುವಷ್ಟು ಬೆಳೆಯುತ್ತದೆ. ಬರಿಗಾಲು ಆ ಮಣ್ಣನ್ನು ಮೆಟ್ಟಿದಾಗ ಕಾಲ್ಬೆರಳ ಸಂದಿಯಿಂದ ಒಳಗೆ ನುಗ್ಗುತ್ತದೆ. ರಕ್ತನಾಳದಲ್ಲಿ ತೇಲಿಕೊಂಡು ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಶ್ವಾಸನಾಳವನ್ನು ಹತ್ತಿ ಗಂಟಲಿಗೆ ಬಂದಾಗ ನಾವು ತಿಳಿಯದೆ ಅದನ್ನು ನುಂಗುತ್ತೇವೆ. ಆಗ ಸಣ್ಣ ಕರುಳು ಸೇರಿ, ಗೋಡೆಗೆ ಬಾಯಿ ಕಚ್ಚಿ ಕೂತುಬಿಡುತ್ತದೆ. ಒಂದೆರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಅಲ್ಲೇ ಇರಬಲ್ಲದು.

ಅಡಿಕೆ ತೋಟ, ಕಾಫಿ ತೋಟ, ಚಹಾ ತೋಟಗಳ ನಡುವೆ ಇರುವ ಕಾಸರಗೋಡು, ವಯನಾಡು, ನೀಲಗಿರಿಯ ಮಕ್ಕಳಿಗೆ 'ನೆರಳು, ತೇವ' ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸೊಲ್ಲಾಪುರ, ಜತ್ತ, ರಾಯದುರ್ಗ, ಆದೋನಿಯ ಕಡೆಯವರು "ನಮ್ಮದು ಒಣ ನೆಲ, ನಮಗೇನು?" ಎನ್ನಬಹುದು. ನಿಜ, ಬಿಸಿಲಿಗೆ ಒಣಗಿದ ನೆಲದಲ್ಲಿ ಕೊಕ್ಕೆಹುಳುವಿನ ಮರಿ ಬದುಕುವುದಿಲ್ಲ. ಆದರೆ ನಲ್ಲಿಯ ಸುತ್ತಲಿನ ಕೆಸರು, ಕಾಲುವೆಯ ದಂಡೆ, ನೀರು ಹಾಯಿಸಿದ ಕಬ್ಬಿನ ಗದ್ದೆ ಒಣ ಸೀಮೆಯಲ್ಲೂ ತೇವವಾಗಿಯೇ ಇರುತ್ತವೆ. ದುಂಡುಹುಳುವಿನ ಮೊಟ್ಟೆಯಂತೂ ಗಟ್ಟಿ ಕವಚದೊಳಗೆ ವರ್ಷಗಟ್ಟಲೆ ಕಾಯಬಲ್ಲದು. ಉಗುರಿನ ಸಂದಿ, ತೊಳೆಯದ ಸೊಪ್ಪು ಅದಕ್ಕೆ ಸಾಕು.

ರಕ್ತದ ಲೆಕ್ಕ

ಒಂದು ಕೊಕ್ಕೆಹುಳು ದಿನಕ್ಕೆ ನಷ್ಟ ಮಾಡುವ ರಕ್ತ ಎಷ್ಟು? ಇದರಲ್ಲಿ ಎರಡು ಜಾತಿಗಳಿವೆ. ಸಣ್ಣ ಜಾತಿಯದು ಸುಮಾರು 0.03 ಮಿಲಿಲೀಟರ್, ದೊಡ್ಡ ಜಾತಿಯದು ಅದರ ಐದು ಪಟ್ಟು ಅಥವಾ ಇನ್ನೂ ಹೆಚ್ಚು. "ಇಷ್ಟೇನಾ?" ಅನ್ನಿಸಿತಾ? ಸರಿ, ಲೆಕ್ಕ ಹಾಕೋಣ.

ಒಂದು ಮಗುವಿನ ಕರುಳಿನಲ್ಲಿ ಸಣ್ಣ ಜಾತಿಯ 100 ಹುಳುಗಳಿವೆ ಎಂದುಕೊಳ್ಳಿ. ದಿನಕ್ಕೆ 3 ಮಿಲಿಲೀಟರ್. ತಿಂಗಳಿಗೆ 90 ಮಿಲಿಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಚಹಾ ಲೋಟದಷ್ಟು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣದ ಅಂಶ ಇರುತ್ತದೆ. ಹಾಗಾದರೆ ದಿನಕ್ಕೆ ಒಂದೂವರೆ ಮಿಲಿಗ್ರಾಂ ಕಬ್ಬಿಣ ಕರುಳಿಗೆ ಸೋರುತ್ತದೆ. ಅದರಲ್ಲಿ ಸ್ವಲ್ಪವನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ, ಉಳಿದದ್ದು ಹೋಯಿತು. ನಿಮ್ಮ ವಯಸ್ಸಿನವರ ದೇಹ ದಿನವಿಡೀ ತಿಂದ ಆಹಾರದಿಂದ ಹೀರಿಕೊಳ್ಳಬೇಕಾದ ಕಬ್ಬಿಣವೇ ಸುಮಾರು ಒಂದು ಮಿಲಿಗ್ರಾಂ! ಅಂದರೆ ಆದಾಯಕ್ಕೂ ಖರ್ಚಿಗೂ ತಾಳೆಯಾಗುವುದಿಲ್ಲ.

ಕಬ್ಬಿಣ ಕಡಿಮೆಯಾದರೆ ಹಿಮೋಗ್ಲೋಬಿನ್ ಕಡಿಮೆ. ಹಿಮೋಗ್ಲೋಬಿನ್ ಕಡಿಮೆಯಾದರೆ ಮೆದುಳಿಗೆ, ಸ್ನಾಯುಗಳಿಗೆ ಆಮ್ಲಜನಕ ಸಾಲದು. ಇದೇ ರಕ್ತಹೀನತೆ. ಏದುಸಿರು, ತಲೆಸುತ್ತು, ತೂಕಡಿಕೆ ಎಲ್ಲ ಇದರ ಗುರುತುಗಳೇ. ಬೇಳೆ, ಸೊಪ್ಪು, ಮೊಟ್ಟೆ, ಮಾಂಸ ಚೆನ್ನಾಗಿ ತಿನ್ನುವ ಮನೆಯ ಮಗು ಸ್ವಲ್ಪ ನಷ್ಟವನ್ನು ತಡೆದುಕೊಂಡೀತು. ಗಂಜಿ ಉಪ್ಪಿನಕಾಯಿಯಲ್ಲೇ ದಿನ ಕಳೆಯುವ ಮಗುವಿಗೆ ಅದೇ ಹುಳು ಎರಡು ಪಟ್ಟು ಭಾರ. ಒಂದೇ ರೋಗ ಇಬ್ಬರು ಮಕ್ಕಳನ್ನು ಬೇರೆ ಬೇರೆ ದೂರಕ್ಕೆ ತಳ್ಳುತ್ತದೆ. ಅಸಮಾನತೆ ಎಂದು ಸಮಾಜ ವಿಜ್ಞಾನದ ಪಾಠದಲ್ಲಿ ಓದುತ್ತೀರಲ್ಲ, ಅದು ದೇಹದೊಳಗೆ ಹೀಗೆ ಕೆಲಸ ಮಾಡುತ್ತದೆ.

'ಸೋಮಾರಿತನದ ರೋಗಾಣು'

ಅಮೆರಿಕ ಎಂದರೆ ಶ್ರೀಮಂತ ದೇಶ ಎಂದೇ ನಮಗೆ ನೆನಪಾಗುವುದು. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಆ ದೇಶದ ದಕ್ಷಿಣದ ರಾಜ್ಯಗಳ ಹಳ್ಳಿಗಳಲ್ಲಿ ಬಡತನ ತುಂಬಿತ್ತು. ಅಲ್ಲಿನ ಜನ ಬಿಳಿಚಿಕೊಂಡು, ಕೃಶರಾಗಿ, ಯಾವಾಗಲೂ ಆಯಾಸದಲ್ಲಿ ಇರುತ್ತಿದ್ದರು. ಉತ್ತರದವರು ಅವರನ್ನು ಸೋಮಾರಿಗಳೆಂದು ಆಡಿಕೊಳ್ಳುತ್ತಿದ್ದರು. 1902ರಲ್ಲಿ ಚಾರ್ಲ್ಸ್ ವಾರ್ಡೆಲ್ ಸ್ಟೈಲ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ಅಮೆರಿಕದ ಕೊಕ್ಕೆಹುಳುವನ್ನು ಬೇರೆಯೇ ಜಾತಿ ಎಂದು ಗುರುತಿಸಿ, ಆ ಆಯಾಸಕ್ಕೆ ಕಾರಣ ಇದೇ ಎಂದರು. ಪತ್ರಿಕೆಗಳು ನಗೆಯಾಡಿದವು. 'ಸೋಮಾರಿತನದ ರೋಗಾಣು ಸಿಕ್ಕಿತಂತೆ' ಎನ್ನುವ ಧಾಟಿಯಲ್ಲಿ ಸುದ್ದಿ ಬಂತು.

1909ರಲ್ಲಿ ಎಣ್ಣೆ ವ್ಯಾಪಾರಿ ಜಾನ್ ಡಿ. ರಾಕ್‌ಫೆಲ್ಲರ್ ಕೊಟ್ಟ ಹತ್ತು ಲಕ್ಷ ಡಾಲರ್ ಹಣದಿಂದ ಕೊಕ್ಕೆಹುಳು ನಿರ್ಮೂಲನೆಗೆ ಒಂದು ಆಯೋಗ ಹುಟ್ಟಿತು. 11 ರಾಜ್ಯಗಳಲ್ಲಿ ಪರೀಕ್ಷೆ ಮಾಡಿದಾಗ, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ 100ಕ್ಕೆ ಸುಮಾರು 40 ಮಂದಿಗೆ ಸೋಂಕು ಇತ್ತು. ಆಯೋಗದವರು ಊರೂರಿಗೆ ಚಿಕಿತ್ಸಾ ಶಿಬಿರ ಒಯ್ದರು. ಜನ ಜಾತ್ರೆಗೆ ಬಂದಂತೆ ಬಂದರು. ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆಯನ್ನು ಕಣ್ಣಾರೆ ನೋಡಿದರು. ಶಾಲೆಗಳಲ್ಲಿ ಪಾಠ ನಡೆಯಿತು.

ಬಹಳ ವರ್ಷಗಳ ನಂತರ, 2007ರಲ್ಲಿ, ಹಾಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಜನಗಣತಿಯ ಅಂಕಿಗಳನ್ನು ತೆಗೆದು ನೋಡಿದರು. ಮೊದಲು ಕೊಕ್ಕೆಹುಳು ಹೆಚ್ಚಾಗಿದ್ದ ಪ್ರದೇಶಗಳಲ್ಲಿ, ಆಂದೋಲನದ ನಂತರ ಮಕ್ಕಳ ಶಾಲಾ ದಾಖಲಾತಿ, ಹಾಜರಿ, ಅಕ್ಷರಜ್ಞಾನ ಮೂರೂ ಬೇರೆ ಕಡೆಗಳಿಗಿಂತ ಬೇಗ ಏರಿದ್ದವು. 'ಸೋಮಾರಿ'ಗಳ ಮಕ್ಕಳು ಶಾಲೆಗೆ ಬಂದಿದ್ದರು!

ಕೆನ್ಯಾದ 75 ಶಾಲೆಗಳು

ಇನ್ನು ಆಫ್ರಿಕಾಕ್ಕೆ ಹೋಗೋಣ. ಕೆನ್ಯಾ ದೇಶದ ಪಶ್ಚಿಮ ಅಂಚಿನಲ್ಲಿ, ಉಗಾಂಡಾ ಗಡಿಗೆ ತಾಗಿಕೊಂಡು ಬುಸಿಯಾ ಎಂಬ ಜಿಲ್ಲೆಯಿದೆ. ನಿಮ್ಮೂರಿನ ಹಾಗೆ ಅದೂ ಗಡಿನಾಡು. 1998ರಲ್ಲಿ ಅಲ್ಲಿನ ಶಾಲಾ ಮಕ್ಕಳನ್ನು ಪರೀಕ್ಷಿಸಿದಾಗ 100ರಲ್ಲಿ 92 ಮಕ್ಕಳಿಗೆ ಒಂದಲ್ಲ ಒಂದು ಹುಳುವಿನ ಸೋಂಕು ಇತ್ತು.

ಒಂದು ಸ್ವಯಂಸೇವಾ ಸಂಸ್ಥೆ ಅಲ್ಲಿನ 75 ಪ್ರಾಥಮಿಕ ಶಾಲೆಗಳ 30,000ಕ್ಕೂ ಹೆಚ್ಚು ಮಕ್ಕಳಿಗೆ ಹುಳುವಿನ ಮಾತ್ರೆ ಕೊಡಲು ಮುಂದಾಯಿತು. ಎಲ್ಲ ಶಾಲೆಗಳಿಗೂ ಒಂದೇ ವರ್ಷ ತಲುಪಲು ಆಗುವಂತಿರಲಿಲ್ಲ. ಹಾಗಾದರೆ ಯಾರಿಗೆ ಮೊದಲು? ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಪ್ರಯೋಗವಾಗಿ ಮಾಡಿದರು. ಶಾಲೆಗಳ ಹೆಸರನ್ನು ಅಕ್ಷರಾನುಕ್ರಮದಲ್ಲಿ ಬರೆದು ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋದರು. 'ಒಂದು' ಬಂದ 25 ಶಾಲೆಗಳಿಗೆ 1998ರಲ್ಲಿ, 'ಎರಡು' ಬಂದವಕ್ಕೆ 1999ರಲ್ಲಿ, 'ಮೂರು' ಬಂದವಕ್ಕೆ 2001ರಲ್ಲಿ ಮಾತ್ರೆ ಶುರುವಾಯಿತು.

ಹೀಗೆ ಯಾಕೆ? ಒಳ್ಳೆಯ ಶಾಲೆ ನೋಡಿ ಮೊದಲು ಕೊಟ್ಟಿದ್ದರೆ, ಮುಂದೆ ಹಾಜರಿ ಹೆಚ್ಚಿದಾಗ ಅದು ಮಾತ್ರೆಯಿಂದಲೋ ಶಾಲೆಯೇ ಒಳ್ಳೆಯದಾಗಿದ್ದರಿಂದಲೋ ಹೇಳಲಾಗದು. ಹೆಸರಿನ ಮೊದಲ ಅಕ್ಷರಕ್ಕೂ ಹೊಟ್ಟೆಯ ಹುಳುವಿಗೂ ಸಂಬಂಧವಿಲ್ಲವಲ್ಲ! ಆದ್ದರಿಂದ ಮೂರು ಗುಂಪುಗಳೂ ಸರಿಸುಮಾರು ಒಂದೇ ತರಹ ಇರುತ್ತವೆ. ಮುಂದೆ ಕಾಣುವ ವ್ಯತ್ಯಾಸ ಮಾತ್ರೆಯದೇ.

ಹಾಜರಿ ಪುಸ್ತಕವನ್ನು ಮಾತ್ರ ನಂಬಲಿಲ್ಲ. ಮೊದಲೇ ತಿಳಿಸದೆ ಶಾಲೆಗೆ ಹೋಗಿ ತಲೆ ಎಣಿಸಿದರು. ಮಾತ್ರೆ ಸಿಕ್ಕ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಕಡಿಮೆಯಾಗಿತ್ತು.

ಇನ್ನೂ ಒಂದು ಅಚ್ಚರಿ ಕಾದಿತ್ತು. 13 ವರ್ಷ ಮೇಲ್ಪಟ್ಟ ಹುಡುಗಿಯರಿಗೆ ಮುನ್ನೆಚ್ಚರಿಕೆಗಾಗಿ ಆಗ ಮಾತ್ರೆ ಕೊಟ್ಟಿರಲಿಲ್ಲ. ಬೇರೆ ಕೆಲವರು ಆ ದಿನ ಶಾಲೆಗೆ ಬಂದಿರಲಿಲ್ಲ. ಮಾತ್ರೆ ನುಂಗದ ಇವರಲ್ಲೂ ಸೋಂಕು ಇಳಿದಿತ್ತು, ಹಾಜರಿ ಹೆಚ್ಚಿತ್ತು. ಅದು ಹೇಗೆ? ಮೇಲೆ ನೆನಪಿಡಲು ಹೇಳಿದ ಮಾತು ಈಗ ಬೇಕು. ಹುಳು ಹೊಟ್ಟೆಯಲ್ಲಿ ಹೆಚ್ಚುವುದಿಲ್ಲ, ಮಣ್ಣಿನ ಮೂಲಕವೇ ಬರಬೇಕು. ಪಕ್ಕದ ಬೆಂಚಿನವನ ಹೊಟ್ಟೆ ಸ್ವಚ್ಛವಾದರೆ ಆಟದ ಬಯಲಿಗೆ ಬೀಳುವ ಮೊಟ್ಟೆ ಕಡಿಮೆ. ಆದ್ದರಿಂದ ನೀವು ನುಂಗುವ ಮಾತ್ರೆ ನಿಮಗೆ ಮಾತ್ರ ಅಲ್ಲ, ನಿಮ್ಮ ಜೊತೆ ಬರಿಗಾಲಲ್ಲಿ ಕಬಡ್ಡಿ ಆಡುವವರಿಗೂ ಔಷಧಿಯೇ.

ನಾಲ್ಕು ಕಾಸಿನ ಗೋಡೆ

ಇದೇ ಬುಸಿಯಾದಲ್ಲಿ ಇನ್ನೊಂದು ಪಾಠವೂ ಸಿಕ್ಕಿತು. 2001ರಲ್ಲಿ ಕೆಲವು ಶಾಲೆಗಳಲ್ಲಿ ಮಾತ್ರೆಗೆ ಸಣ್ಣ ಶುಲ್ಕ ಇಟ್ಟು ನೋಡಿದರು. ಸರಾಸರಿ ಮಗುವೊಂದಕ್ಕೆ ಒಂದು ಡಾಲರಿಗಿಂತ ಕಡಿಮೆ. ಪುಕ್ಕಟೆ ಕೊಟ್ಟ ಶಾಲೆಗಳಲ್ಲಿ 100ಕ್ಕೆ ಸುಮಾರು 75 ಮಕ್ಕಳು ಮಾತ್ರೆ ತೆಗೆದುಕೊಂಡಿದ್ದರು. ಶುಲ್ಕ ಇಟ್ಟ ಶಾಲೆಗಳಲ್ಲಿ 20 ಮಕ್ಕಳೂ ತೆಗೆದುಕೊಳ್ಳಲಿಲ್ಲ.

"ನಿಜವಾಗಿ ಹುಷಾರಿಲ್ಲದವರು ದುಡ್ಡು ಕೊಟ್ಟಾದರೂ ತೆಗೆದುಕೊಂಡಿರಬೇಕಲ್ಲ?" ಎಂದು ನೀವು ಕೇಳಬಹುದು. ಸಂಶೋಧಕರೂ ಅದನ್ನೇ ನೋಡಿದರು. ಹುಳು ಹೆಚ್ಚಿದ್ದ ಮಕ್ಕಳ ಮನೆಯವರು ಬೇರೆಯವರಿಗಿಂತ ಹೆಚ್ಚಾಗಿ ದುಡ್ಡು ಕೊಟ್ಟಿರಲಿಲ್ಲ. ಹುಳುವಿನ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕೈಯಿಂದ ಹೋಗುವ ದುಡ್ಡು ಕಾಣುತ್ತದೆ. ಇದರಿಂದ ತಿಳಿಯುವುದೇನು? ಹಿಂದುಳಿದ ಮಕ್ಕಳಿಗೆ ಆರೋಗ್ಯ ತಲುಪಬೇಕಾದರೆ ಅದು ಪುಕ್ಕಟೆಯಾಗಿರಬೇಕು, ಅವರು ಇರುವ ಕಡೆಗೇ ಹೋಗಬೇಕು, 'ನಿನಗೆ ಹುಳು ಇದೆ' ಎಂದು ಬೆರಳು ತೋರಿಸದೆ ಎಲ್ಲರಿಗೂ ಒಟ್ಟಿಗೆ ಸಿಗಬೇಕು.

ಆ ಮಕ್ಕಳು ದೊಡ್ಡವರಾದ ಮೇಲೆ ಏನಾದರು? ಸಂಶೋಧಕರು ಅವರನ್ನು ಹುಡುಕಿಕೊಂಡು ಹೋದರು. 20 ವರ್ಷಗಳ ನಂತರದ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಎರಡು ಮೂರು ವರ್ಷ ಹೆಚ್ಚಾಗಿ ಮಾತ್ರೆ ಸಿಕ್ಕಿದ್ದವರ ಗಂಟೆಯ ಗಳಿಕೆ ಉಳಿದವರಿಗಿಂತ 13 ಶೇಕಡಾ ಹೆಚ್ಚಿತ್ತು. ಕ್ರೆಮರ್ ಅವರಿಗೆ 2019ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರ ಜೊತೆಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಬಡತನದ ಪ್ರಶ್ನೆಗಳನ್ನು ಇಂಥ ಪ್ರಯೋಗಗಳ ಮೂಲಕ ಪರೀಕ್ಷಿಸಿದ್ದಕ್ಕೆ ಸಂದ ಗೌರವ ಅದು.

ವಿಜ್ಞಾನಿಗಳ ಜಗಳ

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ವಿಜ್ಞಾನದಲ್ಲಿ ಪ್ರಶಸ್ತಿ ಬಂದ ಮಾತನ್ನೂ ಮತ್ತೆ ಪರೀಕ್ಷಿಸುತ್ತಾರೆ. ಮಿಗೆಲ್ ಮತ್ತು ಕ್ರೆಮರ್ ತಮ್ಮ ಅಂಕಿಗಳನ್ನು ಬೇರೆಯವರಿಗೆ ತೆರೆದು ಕೊಟ್ಟರು. ಲಂಡನ್ನಿನ ಸಂಶೋಧಕರು ಅವನ್ನು ಪಡೆದು ಹೊಸದಾಗಿ ಲೆಕ್ಕ ಮಾಡಿ 2015ರಲ್ಲಿ ಪ್ರಕಟಿಸಿದರು. ಮೊದಲಿನ ಲೆಕ್ಕದಲ್ಲಿ ಕೆಲವು ತಪ್ಪುಗಳು ಸಿಕ್ಕವು. ಮಾತ್ರೆ ಸಿಕ್ಕ ಶಾಲೆಯೊಳಗಿನ ಲಾಭ ಉಳಿಯಿತು. ಹಲವು ಕಿಲೋಮೀಟರ್ ದೂರದ ಶಾಲೆಗಳಿಗೂ ಲಾಭ ಹರಡಿತೆಂಬ ಮಾತು ಸಡಿಲವಾಯಿತು. ಪತ್ರಿಕೆಗಳಲ್ಲಿ ಜೋರು ವಾದ ನಡೆದು, ಅದಕ್ಕೆ 'ಹುಳುಗಳ ಯುದ್ಧ' ಎಂಬ ಹೆಸರೇ ಬಿತ್ತು!

ನಮ್ಮ ಉತ್ತರ ಪ್ರದೇಶದಲ್ಲೂ ಒಂದು ಭಾರೀ ಪ್ರಯೋಗ ನಡೆದಿತ್ತು. ಅಂಗನವಾಡಿ ವಯಸ್ಸಿನ ಸುಮಾರು ಹತ್ತು ಲಕ್ಷ ಮಕ್ಕಳಿದ್ದ ಪ್ರದೇಶದಲ್ಲಿ ಐದು ವರ್ಷ ಆರು ತಿಂಗಳಿಗೊಮ್ಮೆ ಹುಳುವಿನ ಮಾತ್ರೆ ಕೊಟ್ಟರು. ತೂಕದಲ್ಲಾಗಲಿ ಸಾವಿನ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಹಲವು ದೇಶಗಳ ಪ್ರಯೋಗಗಳನ್ನು ಕೂಡಿಸಿ ನೋಡಿದ ವೈದ್ಯರ ಒಂದು ಗುಂಪೂ ಎಲ್ಲರಿಗೂ ಮಾತ್ರೆ ಕೊಟ್ಟರೆ ಸರಾಸರಿ ಲಾಭ ಬಹಳ ಕಡಿಮೆ ಎಂದಿತು. ಬುಸಿಯಾದಲ್ಲೂ ಹಾಜರಿ ಹೆಚ್ಚಿತೇ ಹೊರತು ಪರೀಕ್ಷೆಯ ಅಂಕಗಳು ಏರಿರಲಿಲ್ಲ.

ಹಾಗಾದರೆ ಯಾರ ಮಾತು ಸರಿ? 'ಸರಾಸರಿ' ಎಂಬ ಪದವನ್ನು ಹಿಡಿದು ಯೋಚಿಸಿ. ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಹುಳುವೇ ಇಲ್ಲದಿದ್ದರೆ, ಹತ್ತನೆಯವನಿಗೆ ಆದ ದೊಡ್ಡ ಲಾಭ ಹತ್ತರಲ್ಲಿ ಹಂಚಿಹೋಗಿ ಸಣ್ಣದಾಗಿ ಕಾಣುತ್ತದೆ. ಉತ್ತರ ಪ್ರದೇಶದ ಆ ಸೀಮೆಯಲ್ಲಿ ಸೋಂಕು ಹಗುರವಾಗಿತ್ತು, ಬುಸಿಯಾದಲ್ಲಿ ಭಾರವಾಗಿತ್ತು. ಎಲ್ಲಿ ಹುಳು ಹೆಚ್ಚೋ ಅಲ್ಲಿ ಮಾತ್ರೆಯ ಕೆಲಸ ಹೆಚ್ಚು ಎಂಬುದು ಒಂದು ಕಡೆಯವರ ಉತ್ತರ. ಬರೀ ಮಾತ್ರೆಯಿಂದ ಇಡೀ ಬಡತನ ತೊಲಗೀತು ಎಂದು ಕಾಯಬೇಡಿ ಎಂಬುದು ಇನ್ನೊಂದು ಕಡೆಯವರ ಎಚ್ಚರಿಕೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೇನೇ ದಾರಿ ಕಾಣುವುದು.

ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೂ ಇದು ಅರ್ಥವಾಗುತ್ತದೆ. ಆಲ್ಬೆಂಡಜೋಲ್ ಎಂಬ ಔಷಧಿ ಹುಳುವಿನ ಜೀವಕೋಶಗಳ ಒಳಗಿನ ಸಣ್ಣ ಸಣ್ಣ ನಳಿಗೆಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಆಗ ಹುಳು ಗ್ಲೂಕೋಸನ್ನು ಹೀರಲಾರದೆ ಉಪವಾಸ ಬಿದ್ದು ಸಾಯುತ್ತದೆ. ಆದರೆ ಬಯಲಿನ ಮಣ್ಣಿನಲ್ಲಿರುವ ಮೊಟ್ಟೆಗೆ ಮಾತ್ರೆ ಏನೂ ಮಾಡದು. ಅದೇ ಮಣ್ಣನ್ನು ಮತ್ತೆ ಬರಿಗಾಲಲ್ಲಿ ಮೆಟ್ಟಿದರೆ ತಿಂಗಳುಗಳಲ್ಲಿ ಹುಳು ವಾಪಸ್ಸು.

ಕೊರಿಯಾ ಮಾಡಿ ತೋರಿಸಿತು

ಮಾತ್ರೆ ಮತ್ತು ಮಣ್ಣು ಎರಡನ್ನೂ ಹಿಡಿದ ದೇಶ ದಕ್ಷಿಣ ಕೊರಿಯಾ. 1963ರಲ್ಲಿ ಆ ದೇಶದ ಜಿಯೋಂಜು ಎಂಬ ಊರಿನ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿ ತೀರಿಕೊಂಡಳು. ಅವಳ ಕರುಳಿನಿಂದ ತೆಗೆದ ದುಂಡುಹುಳುಗಳ ಸಂಖ್ಯೆ 1,063. ದೇಶವೇ ಬೆಚ್ಚಿತು. ಮರು ವರ್ಷ ಹುಳು ನಿರ್ಮೂಲನೆಗಾಗಿ ಒಂದು ಸಂಘ ಹುಟ್ಟಿತು. 1966ರಲ್ಲಿ ಕಾನೂನೇ ಬಂತು. ಶಾಲಾ ಮಕ್ಕಳೆಲ್ಲ ವರ್ಷಕ್ಕೆ ಎರಡು ಸಲ ಮಲದ ಮಾದರಿಯನ್ನು ಶಾಲೆಗೆ ತರಬೇಕಾಗಿತ್ತು. ಮೊಟ್ಟೆ ಕಂಡವರಿಗೆ ಮಾತ್ರೆ. ಜೊತೆಜೊತೆಗೆ ಶೌಚಾಲಯಗಳು ಸುಧಾರಿಸಿದವು. ಹೊಲಕ್ಕೆ ಮನುಷ್ಯರ ಮಲವನ್ನೇ ಗೊಬ್ಬರವಾಗಿ ಹಾಕುವ ರೂಢಿ ನಿಂತಿತು. 1971ರಲ್ಲಿ 100ಕ್ಕೆ 84 ಜನರಲ್ಲಿ ಹುಳುವಿನ ಮೊಟ್ಟೆ ಕಂಡಿದ್ದವು. 1997ರಲ್ಲಿ ಅದು 2.4ಕ್ಕೆ ಇಳಿದಿತ್ತು. ಒಂದೇ ತಲೆಮಾರಿನ ಕೆಲಸ ಇದು, ಅದೂ ಶಾಲೆಗಳನ್ನೇ ನೆಚ್ಚಿಕೊಂಡು.

ಮಾತ್ರೆಯ ದಿನ ಯಾರು ಬಂದಿಲ್ಲ?

ನಮ್ಮ ದೇಶದಲ್ಲಿ 2015ರ ಫೆಬ್ರವರಿ 10ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರುವಾಯಿತು. 1ರಿಂದ 19 ವರ್ಷದ ಎಲ್ಲರಿಗೂ ಶಾಲೆ ಮತ್ತು ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಪುಕ್ಕಟೆಯಾಗಿ ಕೊಡುತ್ತಾರೆ. ನಿಮ್ಮ ವಯಸ್ಸಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಎರಡು ವರ್ಷದೊಳಗಿನ ಕೂಸುಗಳಿಗೆ ಅರ್ಧ. ಹಲವು ರಾಜ್ಯಗಳಲ್ಲಿ ಆಗಸ್ಟ್ ತಿಂಗಳಲ್ಲಿ ಇನ್ನೊಂದು ಸುತ್ತು ಇರುತ್ತದೆ. ರಾಜ್ಯದಿಂದ ರಾಜ್ಯಕ್ಕೆ ದಿನ ಸ್ವಲ್ಪ ಹಿಂದುಮುಂದಾಗಬಹುದು.

ಇಲ್ಲೊಂದು ತೊಡಕಿದೆ, ಗಮನಿಸಿ. ಮಾತ್ರೆ ಸಿಗುವುದು ಶಾಲೆಗೆ ಬಂದವರಿಗೆ. ಹುಳುವಿನಿಂದ ಹೆಚ್ಚು ಬಳಲುವವರು ಶಾಲೆಗೆ ಬಾರದವರು! ಜತ್ತ, ಸೊಲ್ಲಾಪುರದ ಕಡೆ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋದ ಮಗು ಫೆಬ್ರವರಿಯಲ್ಲಿ ಊರಿನಲ್ಲೇ ಇರುವುದಿಲ್ಲ. ತೋಟದ ಕೆಲಸದ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಲು ಉಳಿದ ಅಕ್ಕ ಅವತ್ತು ತರಗತಿಯಲ್ಲಿ ಇರುವುದಿಲ್ಲ. ಹೀಗೆ, ಅಂತರ ಕಡಿಮೆ ಮಾಡಲೆಂದು ಬಂದ ಮಾತ್ರೆಯೇ ಕೈತಪ್ಪಿ ಅಂತರ ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಕೆಲವು ದಿನಗಳ ನಂತರ, ಬಿಟ್ಟುಹೋದವರಿಗಾಗಿ ಇನ್ನೊಂದು ದಿನ ಇಟ್ಟಿರುತ್ತಾರೆ. ಶಾಲೆ ಬಿಟ್ಟ ಮಕ್ಕಳೂ ಅಂಗನವಾಡಿಗೆ ಹೋಗಿ ಮಾತ್ರೆ ತೆಗೆದುಕೊಳ್ಳಬಹುದು. ಇದು ಬಹಳ ಮನೆಗಳಿಗೆ ಗೊತ್ತೇ ಇಲ್ಲ.

ಇಲ್ಲಿ ಗಡಿನಾಡಿನ ನಿಮಗೊಂದು ವಿಶೇಷ ಕೆಲಸವಿದೆ. ಆರೋಗ್ಯ ಇಲಾಖೆಯ ಸೂಚನಾಪತ್ರ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬಂದರೆ, ಕನ್ನಡ ಮಾತ್ರ ಬಲ್ಲ ಅಜ್ಜಿ, ಅಮ್ಮನಿಗೆ ಅದನ್ನು ಓದಿ ಹೇಳುವವರು ನೀವೇ. ಏನು ಮಾತ್ರೆ, ಯಾಕೆ, ಯಾವಾಗ ಎಂಬುದನ್ನು ಮನೆಮಾತಿನಲ್ಲಿ ಹೇಳಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ನೀವು ಮಾಡಬಹುದಾದದ್ದು

1. ಮಾತ್ರೆಯನ್ನು ಶಿಕ್ಷಕರ ಎದುರಿಗೇ ಚೆನ್ನಾಗಿ ಜಗಿದು ನುಂಗಿ. ಜ್ವರ ಇದ್ದರೆ ಅಥವಾ ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಹೊಟ್ಟೆಯಲ್ಲಿ ಹುಳು ಹೆಚ್ಚಿದ್ದವರಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಆಗಬಹುದು, ಸಾಮಾನ್ಯವಾಗಿ ಬೇಗ ಹೋಗುತ್ತದೆ. ಹಾಗಾದರೆ ಟೀಚರಿಗೆ ಹೇಳಿ ಕುಳಿತುಕೊಳ್ಳಿ, ಗಾಬರಿ ಬೇಡ.

2. ಅವತ್ತು ಬಾರದ ಗೆಳೆಯ ಗೆಳತಿಯರ ಮನೆಯ ಕಡೆ ಹೋಗುವಾಗ "ಇನ್ನೊಂದು ದಿನ ಕೊಡ್ತಾರೆ, ಬಾರೋ, ಬಾರೇ" ಎಂದು ಕರೆಯಿರಿ. ಈ ಲೇಖನದಿಂದ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನೇ ಮಾಡಿ.

3. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯಬೇಡಿ! 5ರಿಂದ 9 ವರ್ಷದವರಿಗೆ ಗುಲಾಬಿ, 10ರಿಂದ 19ರವರಿಗೆ ನೀಲಿ. ಹುಳುವಿನ ಮಾತ್ರೆ ಸೋರುವ ತೂತನ್ನು ಮುಚ್ಚುತ್ತದೆ, ಇದು ಖಾಲಿಯಾದ ಕೊಡವನ್ನು ತುಂಬುತ್ತದೆ. ಊಟಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ಅಡ್ಡ ಬರುತ್ತದೆ.

4. ಒಂದು ತರಗತಿ ಚಟುವಟಿಕೆ: ನಿಮ್ಮ ಶಾಲೆಯ ನಕ್ಷೆ ಬರೆಯಿರಿ. ನೆರಳೂ ತೇವವೂ ಇರುವ ಜಾಗಗಳಿಗೆ ನೀಲಿ ಬಣ್ಣ, ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗಗಳಿಗೆ ಕೆಂಪು ಬಣ್ಣ ಹಚ್ಚಿ. ಎರಡು ಬಣ್ಣ ಕೂಡುವ ಜಾಗ ಯಾವುದು? ನಲ್ಲಿಯ ಬಳಿಯೇ? ಶೌಚಾಲಯದ ಹಿಂದೆಯೇ? ಶೌಚಾಲಯದಲ್ಲಿ ನೀರು, ಸೋಪು ಇದೆಯೇ? ನಕ್ಷೆಯನ್ನು ಮುಖ್ಯೋಪಾಧ್ಯಾಯರಿಗೆ, ಶಾಲಾ ಸಮಿತಿಯವರಿಗೆ ತೋರಿಸಿ. ಬುಸಿಯಾದಲ್ಲಿ 'ಕೈ ತೊಳೆಯಿರಿ, ಚಪ್ಪಲಿ ಹಾಕಿ' ಎಂಬ ಪಾಠ ಮಾತ್ರದಿಂದ ಮಕ್ಕಳ ಅಭ್ಯಾಸ ಬದಲಾಗಿರಲಿಲ್ಲ. ಚಪ್ಪಲಿಯೇ ಇಲ್ಲದವನಿಗೆ ಚಪ್ಪಲಿಯ ಪಾಠ ಮಾಡಿ ಏನು ಫಲ? ಆದ್ದರಿಂದ ನಲ್ಲಿ, ಸೋಪು, ಬಾಗಿಲಿರುವ ಶೌಚಾಲಯ ಇವನ್ನು ಕೇಳುವುದೂ ವಿಜ್ಞಾನದ ಕೆಲಸವೇ. ಆದರೆ ಯಾರಿಗೆ ಹುಳು ಇದೆ, ಯಾರು ಬರಿಗಾಲಲ್ಲಿ ಬರುತ್ತಾರೆ ಎಂದು ನಕ್ಷೆಯಲ್ಲಿ ಯಾರ ಹೆಸರನ್ನೂ ಬರೆಯಕೂಡದು.

5. ರಕ್ತದ ಲೆಕ್ಕವನ್ನು ದೊಡ್ಡ ಜಾತಿಯ ಹುಳುವಿಗೆ ನೀವೇ ಮಾಡಿ ನೋಡಿ. ದಿನಕ್ಕೆ 0.15 ಮಿಲಿಲೀಟರ್, 40 ಹುಳು, 30 ದಿನ. ಎಷ್ಟಾಯಿತು? ಅದರಲ್ಲಿ ಕಬ್ಬಿಣ ಎಷ್ಟು?

ನಾಳೆ ಬೆಳಿಗ್ಗೆ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ, ಪಕ್ಕದವನ ಕಿವಿಯಲ್ಲಿ "ಅವನು ಯಾವಾಗಲೂ ಹೀಗೇ" ಎನ್ನುವ ಮೊದಲು ಸ್ವಲ್ಪ ತಡೆಯಿರಿ. ಸಂಜೆ ಅವನ ಮನೆಯ ಹತ್ತಿರ ಹೋದರೆ "ಯಾಕೋ ಬರಲಿಲ್ಲ, ಹುಷಾರಿಲ್ವಾ?" ಎಂದು ಕೇಳಿ. ಉತ್ತರವನ್ನು ಟೀಚರಿಗೆ ತಿಳಿಸಿ.